ಗಂಜ್ ಹಿಂದಿನ ರೊಟ್ಟಿ ಖಾನಾವಳಿ: ಇಲ್ಲಿ ಮೆನು ಕಾರ್ಡ್ ಕೇಳಬೇಡಿ

ಕಲಬುರಗಿಯ ಕಾಳುಕಡಿ ಮಾರುಕಟ್ಟೆ ನೆಹರು ಗಂಜ್ ಹಿಂದೆ, ಬ್ಯಾಳಿ ಮಿಲ್ಲುಗಳ ಸಾಲು ಮುಗಿಯುವ ಕಡೆ ಒಂದು ಖಾನಾವಳಿ ಇದೆ. ಬೋರ್ಡಿನ ಮೇಲೆ 'ಜೋಳದ ರೊಟ್ಟಿ ಊಟ' ಅಂತ ಬರೆದಿದೆ, ಅಷ್ಟೇ. ಹೆಸರಿಲ್ಲ. ಫೋನಿನ ಮ್ಯಾಪಿನಲ್ಲಿ ಹುಡುಕಿದರೆ ಸಿಗಲ್ಲ. ಗಂಜಿನ ಯಾವ ಹಮಾಲನನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾನೆ. ಊಟಕ್ಕೆ 90 ರೂಪಾಯಿ, ರೊಟ್ಟಿ ಎಷ್ಟು ಬೇಕಾದರೂ ಹಾಕುತ್ತಾರೆ. ಮಧ್ಯಾಹ್ನ 12ಕ್ಕೆ ಶುರು, ಎರಡೂವರೆಗೆ ಹಂಚು ಇಳಿಸಿಬಿಡುತ್ತಾರೆ. ರಾತ್ರಿ ಊಟ ಇಲ್ಲ. ಭಾನುವಾರ ಬಂದ್.

ಮೊದಲೇ ಹೇಳಿಬಿಡುತ್ತೇನೆ, ಊರಲ್ಲಿ ರೊಟ್ಟಿ ಊಟ ಎಲ್ಲಿ ಚಲೋ ಅಂತ ಯಾರಾದರೂ ಕೇಳಿದರೆ ನಾನು ಈಗ ಇದೇ ಜಾಗ ಹೇಳುತ್ತೇನೆ. ಆದರೆ ಇಂಥದ್ದೇ ತಿನ್ನಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುವವರಿಗೆ ಹೇಳಲ್ಲ.

ಯಾಕಂದರೆ ಏನೇನಿದೆ ಅಂತ ಕೇಳುವ ಪದ್ಧತಿಯೇ ಇಲ್ಲಿಲ್ಲ. ಕೂತರೆ ತಾಟು ಬರುತ್ತದೆ. ಅದರಲ್ಲಿ ಅವತ್ತು ಏನಿದೆಯೋ ಅದು ಊಟ. ಒಂದು ಸೊಪ್ಪಿನ ಪಲ್ಯ ಅಥವಾ ಕಾಯಿಪಲ್ಯ, ಒಂದು ಕಾಳಿನ ಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಮೊಸರು, ಕೊನೆಗೆ ಒಂದಿಷ್ಟು ಅನ್ನ. ಒಂದು ದಿನ ನನ್ನ ಪಕ್ಕದಲ್ಲಿ ಕೂತ ಕಾಲೇಜು ಹುಡುಗ ಎಣ್ಣೆಗಾಯಿ ಇಲ್ಲವಾ ಅಂತ ಕೇಳಿದ. ಒಲೆ ಮುಂದೆ ಕೂತಿದ್ದ, ಖಾನಾವಳಿ ನಡೆಸುವ ಅಕ್ಕ ತಲೆ ಎತ್ತದೆ ಹೇಳಿದರು, "ಬದನಿಕಾಯಿ ಇವತ್ತ ಚಲೋ ಬಂದಿಲ್ಲಪ್ಪಾ, ಬರೇ ಹುಳ ಅವ. ಪುಂಡಿಪಲ್ಯ ಅದ, ಉಣ್ಣು." ಹುಡುಗ ಉಂಡ. ಪುಂಡಿಪಲ್ಯ ಮತ್ತೊಮ್ಮೆ ಹಾಕಿಸಿಕೊಂಡ ಕೂಡ.

ನನಗೆ ಹಿಡಿಸಿದ್ದು ಇದೇ. 'ಮನೆ ಊಟ' ಅಂತ ಬೋರ್ಡು ಹಾಕಿಕೊಂಡ ಹೋಟೆಲುಗಳು ಈಗ ಊರು ತುಂಬ ಇವೆ. ಒಳಗೆ ಹೋದರೆ ನಾಲ್ಕು ಪುಟದ ಮೆನು ಕೈಗೆ ಕೊಡುತ್ತಾರೆ. ಯಾರ ಮನೆಯಲ್ಲಿ ರೀ ನಾಲ್ಕು ಪುಟದ ಮೆನು ಇರುತ್ತದೆ? ಮನೆಯಲ್ಲಿ ಸಂತೆಗೆ ಏನು ಬಂತೋ, ಡಬ್ಬಿಯಲ್ಲಿ ಏನು ಉಳಿದಿದೆಯೋ, ಅಡಿಗೆ ಮಾಡುವವಳ ಕೈಲಿ ಅವತ್ತು ಎಷ್ಟಾಗುತ್ತದೋ ಅದರ ಮೇಲೆ ಊಟ ತಯಾರಾಗುತ್ತದೆ, ನಾವು ಮುಖ ಸಿಂಡರಿಸಿಕೊಂಡಾದರೂ ಅದನ್ನೇ ಉಣ್ಣುತ್ತೇವೆ, ಆಮೇಲೆ ಊರು ಬಿಟ್ಟು ಹೋದಾಗ ಅದೇ ಪಲ್ಯಕ್ಕೆ ಬಾಯಿ ಬಿಡುತ್ತೇವೆ. ಆಯ್ಕೆ ಇಲ್ಲದಿರುವುದೇ ಮನೆ ಊಟದ ಗುಟ್ಟು ಅಂತ ನನ್ನ ವಾದ. ನಮ್ಮ ಮನೆಯವರು ಇದನ್ನು ಒಪ್ಪಲ್ಲ, ಅದು ಬೇರೆ ಮಾತು.

ಈಗ ರೊಟ್ಟಿ. ನಾನು ಶಾಲೆಯಲ್ಲಿ ಪಾಠ ಮಾಡುತ್ತ, ಮನೆಯಲ್ಲಿ ರೊಟ್ಟಿ ಬಡಿಯುತ್ತ ಬದುಕು ಕಳೆದವಳು. ಹಾಗಾಗಿ ರೊಟ್ಟಿ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕು ಜಾಸ್ತಿ. ಹೊರಗಡೆಯ ರೊಟ್ಟಿಯನ್ನು ಹೊಗಳುವುದು ಅಪರೂಪ. ಇಲ್ಲಿಯದನ್ನು ಹೊಗಳುತ್ತೇನೆ.

ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ. ಹಿಟ್ಟು ತಾನಾಗಿ ಒಂದಕ್ಕೊಂದು ಹಿಡಿದುಕೊಳ್ಳಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಕೈ ಚುರುಚುರು ಅನ್ನುವಾಗಲೇ ನಾದಬೇಕು. ಆ ಬಿಸಿಗೆ ಹಿಟ್ಟು ಅರ್ಧ ಬೆಂದು ಜಿಗಿ ಬರುತ್ತದೆ. ಬೀಸಿ ಬಹಳ ದಿನ ಆದ ಹಿಟ್ಟಾದರೆ ಎಷ್ಟು ನಾದಿದರೂ ಜಿಗಿ ಬರಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಆಗ ಹೋಟೆಲಿನವರು ಗೋಧಿಹಿಟ್ಟು ಬೆರೆಸುತ್ತಾರೆ ಅಥವಾ ಲಟ್ಟಣಿಗೆಯಲ್ಲಿ ಲಟ್ಟಿಸಿ ಡಬ್ಬಿ ಮುಚ್ಚಳದಿಂದ ದುಂಡಗೆ ಕತ್ತರಿಸುತ್ತಾರೆ. ಅಂಚು ನೋಡಿದರೇ ಗೊತ್ತಾಗುತ್ತದೆ. ಬಡಿದ ರೊಟ್ಟಿಯ ಅಂಚು ಎಂದೂ ಪೂರ್ತಿ ದುಂಡಗಿರಲ್ಲ.

ಇಲ್ಲಿ ಎರಡು ದಿನಕ್ಕೊಮ್ಮೆ ಗಿರಣಿಗೆ ಹಾಕಿಸುತ್ತಾರೆ. ಜೋಳ ಮಾಲ್ದಂಡಿ, ಹಿಂಗಾರಿಯದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ, ಮಳೆ ನಿಂತ ಮೇಲೆ ಎರೆ ಹೊಲದಲ್ಲಿ ಉಳಿದ ಹಸಿಗೇ ಬೆಳೆಯುವ ಜೋಳ ಇದು. ಮಳೆಗಾಲದ ಜೋಳ ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕಿ ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ರೊಟ್ಟಿಗೆ ಹಿಂಗಾರಿ ಜೋಳವೇ ಬೇಕು ಅಂತ ನಮ್ಮ ಕಡೆ ಎಲ್ಲರೂ ಹಟ ಹಿಡಿಯುವುದು ಅದಕ್ಕೇ. ಬಿಳಿ, ದಪ್ಪ ಕಾಳು, ಹಿಟ್ಟು ಸ್ವಲ್ಪ ಸಿಹಿ. ಗಂಜಿನ ಪಕ್ಕದಲ್ಲೇ ಇರುವುದರಿಂದ ಒಳ್ಳೆ ಕಾಳು ಆರಿಸಿಕೊಳ್ಳುವುದು ಇವರಿಗೆ ಸಲೀಸು.

ಮೂವರು ಹೆಣ್ಣುಮಕ್ಕಳು ಸಾಲಾಗಿ ಕೂತು ಬಡಿಯುತ್ತಾರೆ. ರೊಟ್ಟಿ ಹಂಚಿಗೆ ಬಿದ್ದ ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ, ನೀರು ಪೂರ್ತಿ ಆರುವ ಮೊದಲು ತಿರುವಿ ಹಾಕುತ್ತಾರೆ, ಆಮೇಲೆ ಕೆಂಡದ ಪಕ್ಕಕ್ಕೆ ಒರಗಿಸುತ್ತಾರೆ. ಉಬ್ಬಿದ ರೊಟ್ಟಿ ನೇರ ತಾಟಿಗೆ ಬರುತ್ತದೆ. ಮೇಲಿನ ಪದರ ಕಾಗದದಷ್ಟು ತೆಳು, ಒಳಗಿನಿಂದ ಹಬೆ. ಒಂದು ರೊಟ್ಟಿಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ನಿಮಿಷ ಕಾಯಬೇಕಾಗುತ್ತದೆ. ಇದಕ್ಕೆ ಸಿಟ್ಟು ಮಾಡುವವರನ್ನೂ ನೋಡಿದ್ದೇನೆ. ಕಾಯಬೇಕು ರೀ, ಮತ್ತೇನು ಮಾಡುವುದು. ಮೊದಲೇ ಮಾಡಿ ಬುಟ್ಟಿಯಲ್ಲಿ ಪೇರಿಸಿದರೆ ಅರ್ಧ ಗಂಟೆಯಲ್ಲಿ ರೊಟ್ಟಿ ಚರ್ಮದ ಹಾಗೆ ಆಗುತ್ತದೆ, ಅಗಿದು ಅಗಿದು ದವಡೆ ನೋಯುತ್ತದೆ.

ರೊಟ್ಟಿ ಮಷೀನು ತರಬಹುದಲ್ಲ ಅಂತ ಅಕ್ಕನ ಮಗ ಒಮ್ಮೆ ಹೇಳಿದನಂತೆ. ಕ್ಯಾಶ್ ಡಬ್ಬಿ ಮುಂದೆ ಕೂರುವವನು ಅವನೇ. ಅಕ್ಕ ಬೇಡ ಅಂದರು. ಕಾರಣ ಕೇಳಿದರೆ, "ಮಷಿನ್ ಬಂದ್ರ ಈ ಮೂರ್ ಮಂದಿ ಎಲ್ಲಿಗಿ ಹೋಗ್ಬೇಕ್ರಿ ಅಕ್ಕೋರೆ?" ಅಂದರು. ಆದರೆ ಶೇಂಗಾ ಹಿಂಡಿಗೆ ಮಿಕ್ಸರ್ ಬಳಸುತ್ತಾರೆ, ಹಿಟ್ಟಿಗೆ ಗಿರಣಿ ಇದೆ, ಅನ್ನ ಗ್ಯಾಸಿನ ಮೇಲೆ ಆಗುತ್ತದೆ, ದುಡ್ಡಿಗೆ ಫೋನ್‌ಪೇ ಕೂಡ ಉಂಟು. ಎಲ್ಲ ಬೇಡ ಅಂತಲ್ಲ. ಯಾವುದು ಒಳಗೆ ಬರಬೇಕು, ಯಾವುದು ಬಾಗಿಲ ಹೊರಗೇ ಇರಬೇಕು ಅಂತ ಅವರದ್ದೇ ಒಂದು ಲೆಕ್ಕ ಇದೆ.

ಈ ಲೆಕ್ಕವನ್ನು ನಾನು ಇದಕ್ಕಿಂತ ಮೊದಲು ನೋಡಿದ್ದು ಬಹಳ ದೂರದ ಊರಲ್ಲಿ. ಮಗಳು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಅವಳ ಹತ್ತಿರ ಹೋಗಿದ್ದಾಗ ಲ್ಯಾಂಕಾಸ್ಟರ್ ಕಡೆ ಕರೆದುಕೊಂಡು ಹೋದಳು. ಅಲ್ಲಿ ಆಮಿಶ್ ಅನ್ನುವ ಜನ ಇದ್ದಾರೆ. ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಸಾದಾ ಬಣ್ಣದ ಬಟ್ಟೆ, ಗಂಡಸರಿಗೆ ಉದ್ದ ಗಡ್ಡ, ಮೀಸೆ ಇಲ್ಲ. ಇವರ ಹಿರಿಯರು ಸ್ವಿಟ್ಜರ್ಲೆಂಡ್ ಮತ್ತು ಅದರ ಸುತ್ತಮುತ್ತಲಿನವರು. 1693ರ ಹೊತ್ತಿಗೆ ಯಾಕೋಬ್ ಅಮ್ಮಾನ್ ಅನ್ನುವವರ ಹಿಂದೆ ಬೇರೆ ಪಂಗಡವಾಗಿ ಒಡೆದವರು, ಮುಂದಿನ ನೂರು ವರ್ಷಗಳಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಈಗ ಅಮೆರಿಕದಲ್ಲಿ ಅವರ ಸಂಖ್ಯೆ ಹತ್ತಿರಹತ್ತಿರ 4 ಲಕ್ಷ. ಮನೆಗೆ ಕರೆಂಟಿನ ಲೈನು ಎಳೆಸಲ್ಲ, ಆದರೆ ಬಹಳ ಮನೆಗಳಲ್ಲಿ ಗ್ಯಾಸಿನ ಒಲೆ, ಗ್ಯಾಸಿನ ಫ್ರಿಜ್ ಇರುತ್ತದೆ. ಯಾವ ಯಂತ್ರ ಬರಬಹುದು, ಯಾವುದು ಬೇಡ ಅಂತ ಅವರ ಸಂಘದವರೇ ಕೂತು ತೀರ್ಮಾನ ಮಾಡುತ್ತಾರೆ. ಅದು ಬಂದರೆ ಮನೆ ಮತ್ತು ಓಣಿ ಒಟ್ಟಿಗೆ ಉಳಿಯುತ್ತದಾ, ಇಲ್ಲವಾ ಅಂತ ನೋಡುತ್ತಾರೆ. ಅಕ್ಕನಿಗೆ ಆಮಿಶ್ ಅಂದರೆ ಏನು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಮಷೀನಿನ ಮಾತು ಕೇಳಿದಾಗ ನನಗೆ ಆ ಜನ ನೆನಪಾದರು.

ಲ್ಯಾಂಕಾಸ್ಟರ್ ಕಡೆ ಕೆಲವು ಆಮಿಶ್ ಕುಟುಂಬಗಳು ಹೊರಗಿನವರಿಗೆ ತಮ್ಮ ಮನೆಯಲ್ಲೇ ಊಟ ಹಾಕುತ್ತವೆ, ಮೊದಲೇ ಹೇಳಿ ಹೋಗಬೇಕು. ನಾವು ಅಂಥ ಒಂದು ಮನೆಗೆ ಹೋಗಿದ್ದೆವು. ಉದ್ದನೆಯ ಮೇಜು, ಗುರುತಿಲ್ಲದ ಜನರೆಲ್ಲ ಒಂದೇ ಕಡೆ. ಊಟಕ್ಕೆ ಮುಂಚೆ ಎಲ್ಲರೂ ತಲೆ ಬಗ್ಗಿಸಿ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದರು, ಸದ್ದಿಲ್ಲ. ಆಮೇಲೆ ದೊಡ್ಡ ದೊಡ್ಡ ಬೋಗುಣಿಗಳು ಕೈಯಿಂದ ಕೈಗೆ ಹೋದವು. ಅಲ್ಲೂ ಅಷ್ಟೇ, ಏನು ಬೇಕು ಅಂತ ಯಾರೂ ಕೇಳಲಿಲ್ಲ. ನಾವು ಮಾಂಸ ತಿನ್ನುವವರಲ್ಲ ಅಂತ ಮಗಳು ಮೊದಲೇ ತಿಳಿಸಿದ್ದಳು, ಆದರೂ ಕೋಳಿ ಬೋಗುಣಿ ನನ್ನ ಕೈ ದಾಟಿಯೇ ಮುಂದೆ ಹೋಯಿತು. ನೂಡಲ್ಸ್ ಚೆನ್ನಾಗಿ ಕಂಡಿತು, ಮೊಟ್ಟೆ ಹಾಕಿ ಮಾಡುವುದು ಅಂತ ಮಗಳು ಹೇಳಿದ ಮೇಲೆ ಅದನ್ನೂ ಮುಂದೆ ಸಾಗಿಸಿದೆ.

ಹಾಗಂತ ಹಸಿದು ಬರಲಿಲ್ಲ. ಹಿಸುಕಿದ ಬಟಾಟಿ, ಮೇಲೆ ಕೆಂಪಗೆ ಕಾಯಿಸಿದ ಬೆಣ್ಣೆ. ಮನೆಯಲ್ಲೇ ಸುಟ್ಟ ಬ್ರೆಡ್ಡು. ಅದಕ್ಕೆ ಹಚ್ಚಿಕೊಳ್ಳಲು ಸೇಬನ್ನು ಗಂಟೆಗಟ್ಟಲೆ ಕುದಿಸಿ, ದಾಲ್ಚಿನ್ನಿ ಹಾಕಿ ಕಪ್ಪಾಗುವ ತನಕ ಮಗುಚಿದ ಗಟ್ಟಿ ರಸ. ಬಿಸಿಲು ಇಲ್ಲವೇ ಒಲೆಯ ಕಾವಿನಲ್ಲಿ ಒಣಗಿಸಿಟ್ಟ ಎಳೆ ಮೆಕ್ಕೆಜೋಳವನ್ನು ಹಾಲಿನಲ್ಲಿ ನೆನೆಸಿ ಬೇಯಿಸಿದ ಒಂದು ಪದಾರ್ಥ, ಅದು ನನಗೆ ಬಹಳ ಹಿಡಿಸಿತು. ಚೌಚೌ ಅಂತ ಒಂದು ಉಪ್ಪಿನಕಾಯಿ ಇತ್ತು. ಹೊಲದಲ್ಲಿ ಕೊನೆಗೆ ಉಳಿದ ಹೂಕೋಸು, ಬೀನ್ಸು, ಗಜ್ಜರಿ, ಮೆಕ್ಕೆಜೋಳದ ಕಾಳು ಎಲ್ಲ ಸೇರಿಸಿ ವಿನೆಗರ್, ಸಕ್ಕರೆಯಲ್ಲಿ ಹಾಕಿ ಬಾಟಲಿಯಲ್ಲಿ ಮುಚ್ಚಿಡುವುದು. ಅಲ್ಲಿ ಚಳಿಗಾಲದಲ್ಲಿ ಹೊಲದಲ್ಲಿ ಏನೂ ಬೆಳೆಯಲ್ಲ. ಅದಕ್ಕೇ ಬೇಸಿಗೆಯೆಲ್ಲ ಹೆಣ್ಣುಮಕ್ಕಳು ನೂರಾರು ಬಾಟಲಿ ತುಂಬಿ ಸಾಲಾಗಿ ಜೋಡಿಸುತ್ತಾರೆ. ನಮ್ಮಲ್ಲಿ ಮಾರ್ಚ್, ಏಪ್ರಿಲಿನಲ್ಲಿ ಮಾಳಿಗೆ ಮೇಲೆ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಒಣಗಿಸುತ್ತೇವಲ್ಲ, ಅದೇ ಕೆಲಸ. ಅವರು ಚಳಿಗೆ ಹೆದರಿ ಮಾಡುತ್ತಾರೆ, ನಾವು ಬಿಸಿಲನ್ನು ಬಿಟ್ಟಿ ಆಳಿನ ಹಾಗೆ ದುಡಿಸಿಕೊಳ್ಳುತ್ತೇವೆ. ಕೊನೆಗೆ ಶೂಫ್ಲೈ ಪೈ ಬಂತು, ಕಾಕಂಬಿ ಪಾಕ ತುಂಬಿ ಮೇಲೆ ಹಿಟ್ಟಿನ ಪುಡಿ ಉದುರಿಸಿ ಸುಟ್ಟದ್ದು. ನನಗೆ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಿತು. ಹೂರಣದ ಹೋಳಿಗೆ ತಿನ್ನುವವಳಿಗೇ ಸಿಹಿ ಜಾಸ್ತಿ ಅಂದರೆ ನೀವೇ ಲೆಕ್ಕ ಹಾಕಿ.

ಅವರ ಇನ್ನೊಂದು ಪದ್ಧತಿ ಕೇಳಿ ಖುಷಿಯಾಯಿತು. ಆಮಿಶ್ ಜನಕ್ಕೆ ಚರ್ಚ್ ಕಟ್ಟಡ ಇಲ್ಲ. ವಾರ ಬಿಟ್ಟು ವಾರ ಭಾನುವಾರ ಒಬ್ಬರ ಮನೆಯಲ್ಲಿ ಪ್ರಾರ್ಥನೆ ಸೇರುತ್ತಾರೆ. ಕೂರುವ ಬೆಂಚುಗಳು ಗಾಡಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಮುಗಿದ ಮೇಲೆ ಎಲ್ಲರಿಗೂ ಊಟ, ಆ ಊಟ ಯಾರ ಮನೆಯಲ್ಲಾದರೂ ಹೆಚ್ಚುಕಮ್ಮಿ ಒಂದೇ. ಬ್ರೆಡ್ಡು, ಶೇಂಗಾ ಬೆಣ್ಣೆಯ ಸಿಹಿ ಲೇಪ, ಉಪ್ಪಿನಕಾಯಿ, ಚೀಸು, ಕಾಫಿ, ಪೈ. ಶೇಂಗಾ ಅಲ್ಲೂ ಬಿಟ್ಟಿಲ್ಲ ನೋಡಿ. ಹೀಗಾಗಿ ನಾನು ಅವರಿಗಿಂತ ಎರಡು ಬಗೆ ಜಾಸ್ತಿ ಮಾಡಿದೆ ಅನ್ನುವ ಮೇಲಾಟಕ್ಕೆ ಜಾಗವೇ ಇಲ್ಲ. ನಮ್ಮ ಮದುವೆ ಊಟಗಳನ್ನು ನೆನಪಿಸಿಕೊಂಡರೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತದೆ.

ಆದರೆ ಲ್ಯಾಂಕಾಸ್ಟರಿನಲ್ಲಿ ರಸ್ತೆ ಬದಿಯ ದೊಡ್ಡ ಬಫೆ ಹೋಟೆಲುಗಳೂ ಇವೆ. ಬಸ್ಸುಗಟ್ಟಲೆ ಜನ ಇಳಿಯುತ್ತಾರೆ, ಸಾಲುಸಾಲು ಪಾತ್ರೆ, ಗೋಡೆ ಮೇಲೆ ಕುದುರೆ ಗಾಡಿಯ ಚಿತ್ರ. ಏಳು ಸಿಹಿ, ಏಳು ಹುಳಿ ಇಡುವುದು ಈ ಕಡೆಯ ಹಳೇ ಸಂಪ್ರದಾಯ ಅಂತ ಹೇಳಿ ಮಾರುತ್ತಾರೆ. ಅದು ಪ್ರವಾಸಿಗರಿಗಾಗಿ ಬೆಳೆಸಿದ ಮಾತು ಅಂತ ಅಲ್ಲಿಯ ಅಡಿಗೆ ಇತಿಹಾಸ ಬಲ್ಲವರು ಹೇಳುತ್ತಾರೆ. ನನಗೆ ಬೆಂಗಳೂರಿನ 'ಉತ್ತರ ಕರ್ನಾಟಕ ಶೈಲಿ' ಥಾಲಿ ಕಣ್ಣ ಮುಂದೆ ಬಂತು. ಅಲ್ಲಿ ಒಂದು ಹೋಟೆಲಿನಲ್ಲಿ ತಾಟಿನಲ್ಲಿ ಜಾಗ ಇಲ್ಲದಷ್ಟು ಬಟ್ಟಲು ಇಟ್ಟಿದ್ದರು. ಎಣ್ಣೆಗಾಯಿ, ಝುಣಕ, ಮಡಕಿ ಕಾಳು, ಗೋಬಿ, ಪನೀರು, ಮಾದಲಿ, ಜಾಮೂನು. ರೊಟ್ಟಿ ಮಾತ್ರ ತಣ್ಣಗಿತ್ತು. ಮೂರು ಪಲ್ಯಕ್ಕೆ ಒಂದೇ ಮಸಾಲೆ. ಬಿಲ್ಲು ಇಲ್ಲಿಯ ಊಟದ ನಾಲ್ಕು ಪಟ್ಟು. ಬಿಲ್ಲಿನ ಮೇಲೆ 'ಅವ್ವನ ಕೈರುಚಿ' ಅಂತ ಬೇರೆ ಬರೆದಿದ್ದರು.

ಸರಿ, ಗಂಜಿಗೆ ವಾಪಸ್ ಬರೋಣ. ಪುಂಡಿಪಲ್ಯದ ಬಗ್ಗೆ ಬರೆಯದೆ ಇರಕ್ಕಾಗಲ್ಲ. ಹೊರಗಿನವರು ನಮ್ಮ ಊಟ ಅಂದರೆ ಎಣ್ಣೆಗಾಯಿ ಅನ್ನುತ್ತಾರೆ. ನನ್ನ ಕೇಳಿದರೆ ಕಲಬುರಗಿ, ಯಾದಗಿರಿ ಕಡೆಯ ಊಟದ ಜೀವ ಪುಂಡಿಪಲ್ಯ. ಬೀದರ ಕಡೆ ಇದೇ ಸೊಪ್ಪಿಗೆ ಅಂಬಾಡಿ ಅಂತಲೂ ಕರೆಯುತ್ತಾರೆ. ಹುಳಿ ಸೊಪ್ಪು. ಮೊದಲು ಕುದಿಸಿ ಆ ನೀರು ಬಸಿದುಬಿಡಬೇಕು, ಇಲ್ಲದಿದ್ದರೆ ಹುಳಿ ಹಲ್ಲು ಹಿಡಿಯುತ್ತದೆ. ಆಮೇಲೆ ತೊಗರಿಬ್ಯಾಳಿ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಮೆತ್ತಗೆ ಬೇಯಿಸಬೇಕು. ಕೊನೆಗೆ ಬಳ್ಳೊಳ್ಳಿ ಒಗ್ಗರಣೆ. ಬಳ್ಳೊಳ್ಳಿ ಕೆಂಪಗಾಗಬೇಕು, ಕಪ್ಪಾಗಬಾರದು. ನುಚ್ಚು ಹಾಕುವುದನ್ನು ಈಗಿನ ಹೋಟೆಲಿನವರು ಬಿಟ್ಟೇಬಿಟ್ಟಿದ್ದಾರೆ. ನುಚ್ಚಿಲ್ಲದ ಪುಂಡಿಪಲ್ಯ ನೀರುನೀರಾಗುತ್ತದೆ, ರೊಟ್ಟಿಯಲ್ಲಿ ನಿಲ್ಲಲ್ಲ. ಇಲ್ಲಿ ಹಾಕುತ್ತಾರೆ, ಬಾಯಿಗೆ ಸಿಗುವಷ್ಟು ದಪ್ಪಗೇ ಹಾಕುತ್ತಾರೆ. ಮೇಲೆ ಹಸಿ ಕುಸುಬಿ ಎಣ್ಣೆ ಬೇಕಾ ಅಂತ ಕೇಳುತ್ತಾರೆ. ಇಲ್ಲಿ ನಿಮಗೆ ಕೇಳುವ ಒಂದೇ ಪ್ರಶ್ನೆ ಅದು. ಬೇಕು ಅನ್ನಿ.

ಬ್ಯಾಳಿಯೂ ಚಲೋ ಇದೆ. ಇಲ್ಲಿಯ ಬ್ಯಾಳಿ ಚಲೋ ಇರದಿದ್ದರೆ ನಾಚಿಕೆ ಪಡಬೇಕು, ಯಾಕಂದರೆ ಬಾಗಿಲಿಂದ ಹೊರಗೆ ಉಗುಳಿದರೆ ಬ್ಯಾಳಿ ಮಿಲ್ಲಿನ ಗೋಡೆಗೆ ಬೀಳುತ್ತದೆ. ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಈ ನೆಲದಲ್ಲಿ ಸುಣ್ಣದಂಶ ಜಾಸ್ತಿ, ಅದಕ್ಕೇ ಇಲ್ಲಿಯ ಬ್ಯಾಳಿಗೆ ಬೇರೆ ರುಚಿ ಅಂತಾರೆ. ಖಾನಾವಳಿಯಲ್ಲಿ ಬ್ಯಾಳಿಗೆ ಅರಿಶಿಣ, ಬಳ್ಳೊಳ್ಳಿ, ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಇಷ್ಟೇ. ಟೊಮ್ಯಾಟೊ ಇಲ್ಲ, ಸಾರಿನ ಪುಡಿ ಇಲ್ಲ. 2022ರಲ್ಲಿ ನೆಟೆ ರೋಗ ಬಂದು ಜಿಲ್ಲೆಯಲ್ಲಿ ತೊಗರಿ ಹೊಲಗಳು ನಿಂತಲ್ಲೇ ಒಣಗಿದವು, ನೆನಪಿದೆಯಲ್ಲ. ಆಮೇಲೆ ಬ್ಯಾಳಿ ರೇಟು ಏರಿದಾಗ ಇವರು ಊಟದ ರೇಟು ಹತ್ತು ರೂಪಾಯಿ ಏರಿಸಿದರು, ಬ್ಯಾಳಿಗೆ ನೀರು ಸೇರಿಸಲಿಲ್ಲ. ನನಗೆ ಅದು ಸರಿ ಅನ್ನಿಸಿತು. ಗಂಜಿನವರು ಒಂದು ವಾರ ಗೊಣಗಿದರು, ಮತ್ತೆ ಬಂದು ಕೂತರು.

ಕಾಳಿನ ಪಲ್ಯ ದಿನ ಬಿಟ್ಟು ದಿನ ಬದಲಾಗುತ್ತದೆ. ಮಡಕಿ, ಹೆಸರು, ಅಲಸಂದಿ. ಎಲ್ಲವೂ ಪಾಸು. ಶೇಂಗಾ ಹಿಂಡಿ ಸ್ವಲ್ಪ ನುಣ್ಣಗಾಗಿದೆ, ಮಿಕ್ಸರಿನ ಕೆಲಸ. ಒಳಕಲ್ಲಿನಲ್ಲಿ ಕುಟ್ಟಿದ್ದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗಿ ಬರುತ್ತಿತ್ತು. ಅಷ್ಟು ಜನಕ್ಕೆ ಕುಟ್ಟಿ ಅಂತ ಹೇಳುವ ಧೈರ್ಯ ನನಗಿಲ್ಲ.

ಇನ್ನು ತಕರಾರುಗಳು. ಅನ್ನ ಚೆನ್ನಾಗಿಲ್ಲ. ನೇರವಾಗಿ ಹೇಳುತ್ತೇನೆ, ಅನ್ನಕ್ಕೆ ಇವರು ಮನಸ್ಸೇ ಕೊಡಲ್ಲ. ರೊಟ್ಟಿ ಉಂಡ ಮೇಲೆ ಅನ್ನ ಯಾರಿಗೆ ಬೇಕು ಅನ್ನುವ ಧೋರಣೆ. ಅಕ್ಕಿ ದಪ್ಪ, ಕೆಲವೊಮ್ಮೆ ಗಂಟುಗಂಟು. ಬೆಂಗಳೂರು, ಮೈಸೂರು ಕಡೆಯಿಂದ ಬಂದ ನೆಂಟರನ್ನು ಕರೆದುಕೊಂಡು ಹೋದರೆ ಮೊದಲೇ ಹೇಳಿಡಿ. ಕೈ ತೊಳೆಯುವ ಜಾಗ ಹಿತ್ತಲಲ್ಲಿದೆ, ಸದಾ ಕೆಸರು. ಸೀರೆ ಎತ್ತಿ ಹಿಡಿದು ಹೋಗಬೇಕು. ಹೆಣ್ಣುಮಕ್ಕಳು ಇಬ್ಬರೇ ಹೋದರೆ ಕೂರಲು ಬೇರೆ ಜಾಗ ಅಂತ ಇಲ್ಲ, ಹಮಾಲರ ನಡುವೆಯೇ ಕೂರಬೇಕು. ನನಗೆ ಅದರಿಂದ ಎಂದೂ ತೊಂದರೆ ಆಗಿಲ್ಲ. ಸರಿದು ಜಾಗ ಕೊಡುತ್ತಾರೆ, ಉಳ್ಳಾಗಡ್ಡಿಯನ್ನು ಮುಷ್ಟಿಯಲ್ಲಿ ಗುದ್ದಿ ಒಡೆದು ನಮ್ಮ ತಾಟಿಗೂ ಒಂದು ತುಂಡು ಇಟ್ಟು, "ತಿನ್ರಿ ಅಕ್ಕೋರೆ, ಬಿಸಿಲ ಭಾಳ ಅದ" ಅನ್ನುತ್ತಾರೆ. ಆದರೆ ಸಂಕೋಚ ಇರುವವರಿಗೆ ಕಷ್ಟವೇ.

ಬಿಸಿಲಿನ ಮಾತು ಬಂತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಕೂತು ಉಣ್ಣುವುದು ಒಂದು ಶಿಕ್ಷೆ. ಹೊರಗೆ 43, 44 ಡಿಗ್ರಿ. ಒಳಗೆ ಮೂರು ಒಲೆ. ಫ್ಯಾನು ಒಂದೇ, ಅದೂ ಕ್ಯಾಶ್ ಡಬ್ಬಿಯ ಮೇಲೆ. ನೆಲಕ್ಕೆ ಶಹಾಬಾದ ಪರ್ಸಿ ಕಲ್ಲು ಹಾಸಿದ್ದಾರೆ, ಹಳೇ ಕಾಲದ ದಪ್ಪ ಮಾಳಿಗೆ ಇದೆ, ಅದರಿಂದ ಉಸಿರಾಡುವಷ್ಟಾದರೂ ತಂಪು. ಕೂಲರ್ ಹಾಕಿಸಿ ಅಂತ ಎಲ್ಲರೂ ಹೇಳಿದ್ದಾಗಿದೆ. ಕೂಲರಿನ ಗಾಳಿಗೆ ಒಲೆ ಉರಿ ಆಡುತ್ತದೆ, ರೊಟ್ಟಿ ಒಂದು ಕಡೆ ಸೀಯುತ್ತದೆ ಅಂತ ಅಕ್ಕನ ಉತ್ತರ. ಇದು ನಿಜವೋ, ನೆವವೋ ನಾನು ಹೇಳಲ್ಲ. ರೊಟ್ಟಿ ಬಡಿಯುವ ಆ ಮೂವರಿಗೆ ಬೇಸಿಗೆಯಲ್ಲಾದರೂ ಏನಾದರೂ ವ್ಯವಸ್ಥೆ ಮಾಡಲೇಬೇಕು. ಗಿರಾಕಿ ಅರ್ಧ ಗಂಟೆ ಕೂತು ಎದ್ದು ಹೋಗುತ್ತಾನೆ, ಅವರು ದಿನಪೂರ್ತಿ ಅಲ್ಲೇ ಇರುತ್ತಾರೆ. ಸಂಪ್ರದಾಯ ಅಂತ ನಾವು ಚಪ್ಪರಿಸುವ ರುಚಿಯ ಹಿಂದೆ ಯಾವಾಗಲೂ ಒಬ್ಬ ಹೆಣ್ಣುಮಗಳ ಬೆನ್ನುನೋವು ಇರುತ್ತದೆ. ಆ ಲ್ಯಾಂಕಾಸ್ಟರ್ ಮನೆಯಲ್ಲೂ ಅಷ್ಟೂ ಬೋಗುಣಿ ತೊಳೆಯುತ್ತ ನಿಂತಿದ್ದು ಮನೆಯ ಹೆಣ್ಣುಮಕ್ಕಳೇ, ನಾನು ನೋಡಿದ್ದೇನೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಕೆಲವರು ಕೇಳಿದ್ದಾರೆ. ಹೋಗಬಹುದು, ಖಾರ ಜಾಸ್ತಿ ಇರುತ್ತದೆ ಅಷ್ಟೇ. ಬಿಸಿ ರೊಟ್ಟಿಗೆ ತುಪ್ಪ, ಬೆಲ್ಲ ಹಾಕಿ ಮುಟಗಿ ಮಾಡಿಕೊಡಿ ಅಂದರೆ ಅಕ್ಕ ಮಾಡಿಕೊಡುತ್ತಾರೆ, ಆದರೆ ಗಿರಾಕಿ ಕಮ್ಮಿ ಇದ್ದಾಗ ಮಾತ್ರ. ನನ್ನ ತಮ್ಮನ ಮೊಮ್ಮಗ ಪನೀರ್ ಬೇಕು ಅಂತ ಅತ್ತ. ಮುಟಗಿ ಬಾಯಿಗೆ ಬಿದ್ದ ಮೇಲೆ ಸುಮ್ಮನಾದ. ಹೊರಗೆ ಬಂದ ಮೇಲೆ ಮತ್ತೆ ಪನೀರ್ ಅಂದ, ಅದನ್ನು ಮುಚ್ಚಿಡುವುದು ಯಾಕೆ.

ಮನೆಗೆ ತರಿಸಿಕೊಳ್ಳುವ ಆ್ಯಪುಗಳಲ್ಲಿ ಇವರು ಇಲ್ಲ. ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದರೆ ಬೆವತು ಮುದ್ದೆಯಾಗುತ್ತದೆ ಅಂತ ಬೇಡ ಅಂದಿದ್ದಾರೆ. ಪಾರ್ಸೆಲಿಗೆ ಖಡಕ್ ರೊಟ್ಟಿ ಕೊಡುತ್ತಾರೆ, ಒಂದಕ್ಕೆ ಹತ್ತು ರೂಪಾಯಿ. ಒಣಗಿಸಿ ಗರಿಗರಿಯಾದ್ದು, ತಿಂಗಳು ಇಟ್ಟರೂ ಕೆಡಲ್ಲ. ಈಗ ಖಡಕ್ ರೊಟ್ಟಿ ಎಲ್ಲ ಕಡೆ ಸಿಗುತ್ತದೆ ಬಿಡಿ. ಜಿಲ್ಲಾಡಳಿತ ಮಹಿಳಾ ಸಂಘಗಳನ್ನು ಸೇರಿಸಿ 'ಕಲಬುರಗಿ ರೊಟ್ಟಿ' ಅಂತ ಬ್ರಾಂಡೇ ಮಾಡಿದೆ, 2025ರಲ್ಲಿ ಮನ್ ಕಿ ಬಾತ್‌ನಲ್ಲೂ ಅದರ ಹೆಸರು ಬಂತು. ಅದು ಚಲೋ ಕೆಲಸ. ದೂರದ ಊರಲ್ಲಿರುವ ಮಕ್ಕಳಿಗೆ ಕಳಿಸಲು ನಾನೂ ತರಿಸಿದ್ದೇನೆ. ಆದರೆ ಪ್ಯಾಕೆಟ್ಟಿನ ಖಡಕ್ ರೊಟ್ಟಿಗೂ ಹಂಚಿನಿಂದ ಇಳಿದ ರೊಟ್ಟಿಗೂ ಹೋಲಿಕೆ ಬೇಡ. ಎರಡೂ ಬೇರೆ ಊಟ.

ಹೋಳಿಗೆ ಅಮಾವಾಸ್ಯೆ, ಹುಣ್ಣಿಮೆಗೆ ಮಾತ್ರ. ಅವತ್ತು ಕಟ್ಟಿನ ಸಾರು ಇರುತ್ತದೆ, ಆ ಸಾರಿನ ಜೊತೆ ಆ ದಪ್ಪ ಅನ್ನವೂ ಒಳಗೆ ಹೋಗುತ್ತದೆ. ಹಿಂದಿನ ದಿನವೇ ಹೋಗಿ ಎಷ್ಟು ಮಂದಿ ಅಂತ ಹೇಳಿ ಬನ್ನಿ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ದಿನ ಮಾತ್ರ ಬಾಗಿಲು ಮುಚ್ಚಿರುತ್ತದೆ, ಎಲ್ಲರೂ ಚರಗ ಚೆಲ್ಲಲು, ಬೆಳೆಗೆ ನೈವೇದ್ಯ ಎರಚಲು ಹೊಲಕ್ಕೆ ಹೋಗಿರುತ್ತಾರೆ. ಅದಕ್ಕೆ ಎರಡು ದಿನ ಮುಂಚೆ ಹೇಳಿಟ್ಟರೆ ಸಜ್ಜೆ ರೊಟ್ಟಿ ಮಾಡಿಕೊಡುತ್ತಾರೆ. ಬಜ್ಜಿ ಮಾಡಿಕೊಡಿ ಅಂದೆ, ಆ ಎಲ್ಲ ಕಾಳು, ಸೊಪ್ಪು ಹಾಕಿ ಕುದಿಸುತ್ತಾರಲ್ಲ, ಅದು. ಅಕ್ಕ ನಕ್ಕುಬಿಟ್ಟರು. "ಅದನ್ ಹೊಲದಾಗ ಕುಂತೇ ಉಣ್ಬೇಕ್ರಿ, ಇಲ್ಲಿ ಮಾರಂಗಿಲ್ಲ" ಅಂದರು.

ಹೋಗುವುದಾದರೆ 12ರಿಂದ ಒಂದರ ಒಳಗೆ ಹೋಗಿ. ಜನವರಿ, ಫೆಬ್ರುವರಿಯಲ್ಲಿ ಹೊಸ ತೊಗರಿ ಗಂಜಿಗೆ ಬರುವ ಹೊತ್ತಿಗೆ ರೈತರ ಗದ್ದಲ ಇರುತ್ತದೆ, ಆಗ ಹನ್ನೊಂದೂವರೆಗೇ ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಕಾರು ಗಲ್ಲಿಯೊಳಗೆ ಹೋಗಲ್ಲ, ಲಾರಿಗಳು ಅಡ್ಡ ನಿಂತಿರುತ್ತವೆ. ಗಂಜಿನ ಗೇಟಿನ ಹತ್ತಿರ ಬಿಟ್ಟು ನಡೆದುಕೊಂಡು ಬನ್ನಿ. ಕುಡಿಯುವ ನೀರು ಸ್ವಲ್ಪ ಸವಳು, ಬಾಟಲಿ ಇಟ್ಟುಕೊಳ್ಳಿ. ಪುಂಡಿಪಲ್ಯ ಮನೆಗೆ ಬೇಕಾದರೆ ಕೊಡುತ್ತಾರೆ, ಡಬ್ಬಿ ಮಾತ್ರ ನೀವೇ ತರಬೇಕು.